ಹೊಟ್ಟಿನ ಬ್ಲೋವರ್: ಗ್ರೀಸ್ ಹಾಕಿದಷ್ಟೂ ಪ್ಲಮ್ಮರ್ ಬ್ಲಾಕ್ ಬಿಸಿ, ವರ್ಷಕ್ಕೆ 3 ಬೇರಿಂಗ್

ಗಂಗಾವತಿ_ಮಿಲ್

ಎಲ್ಲರಿಗೂ ನಮಸ್ಕಾರ. ರೈಸ್ ಮಿಲ್ಲಿನ ಹೊಟ್ಟಿನ ಬ್ಲೋವರ್ ಬಗ್ಗೆ ಸಲಹೆ ಬೇಕಿತ್ತು. ಗೊತ್ತಿರೋ ವಿವರ ಎಲ್ಲಾ ಬರೆದೀನಿ, ಬಿಟ್ಟಿದ್ದು ಏನಾದ್ರೂ ಇದ್ರೆ ಕೇಳ್ರಿ.

ಬ್ಲೋವರ್ 1450 ಆರ್‌ಪಿಎಂ. 30 ಎಚ್‌ಪಿ ಮೋಟರ್, ಸಿ ಸೆಕ್ಷನ್ ವಿ-ಬೆಲ್ಟ್ 4. ಶಾಫ್ಟ್ 70 ಮಿ.ಮೀ., ಎರಡು ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರಿಸೋ ಪೆಟ್ಟಿಗೆ, ಎಸ್‌ಎನ್‌ಎಲ್ 516), ಒಂದರಿಂದ ಒಂದಕ್ಕೆ 1.2 ಮೀಟರ್. ಒಳಗೆ 22216 ಇಕೆ ಸ್ಫೆರಿಕಲ್ ರೋಲರ್ ಬೇರಿಂಗ್, ಎಚ್ 316 ಸ್ಲೀವ್ (ಬೇರಿಂಗನ್ನ ಶಾಫ್ಟಿಗೆ ಬಿಗಿಯೋ ಟೇಪರ್ ಬುಷ್). ಒಂದು ತುದಿಗೆ ಇಂಪೆಲರ್ (ಗಾಳಿ ತಳ್ಳೋ ಬ್ಲೇಡಿನ ಚಕ್ರ), ಇನ್ನೊಂದು ತುದಿಗೆ ಪುಲ್ಲಿ. ಸೀಸನ್‌ನಲ್ಲಿ ದಿನಕ್ಕೆ 16 ತಾಸು ಓಡ್ತದೆ.

ಗ್ರೀಸ್ ಇಪಿ 2. ಪ್ರತಿ ಸೋಮವಾರ ಒಂದೊಂದು ಬ್ಲಾಕ್‌ಗೆ ಗನ್ನಿನಿಂದ 40 ಪಂಪ್. ಕೆಳಗಿನ ಡ್ರೈನ್ ಪ್ಲಗ್ ಮೇಲೆ ಬಣ್ಣ ಬಳಿದು ಹೋಗಿದೆ, ತೆರೆಯೋದಿಲ್ಲ. ಗ್ರೀಸ್ ಹಾಕಿದ ಎರಡು ತಾಸಿಗೆ ಪುಲ್ಲಿ ಕಡೆ ಬ್ಲಾಕ್ 95 ಡಿಗ್ರಿ ಮುಟ್ಟತದೆ, ಮರುದಿನಾನೂ 88ರ ಕೆಳಗೆ ಇಳಿಯಲ್ಲ. ಇಂಪೆಲರ್ ಕಡೆ 84. ವರ್ಷದಲ್ಲಿ ಪುಲ್ಲಿ ಕಡೆಯ ಬೇರಿಂಗ್ 3 ಸಲ ಹೋಯ್ತು. ತೆಗೆದಾಗ ಗ್ರೀಸ್ ಡಾಂಬರಿನ ಹಾಗೆ ಕಪ್ಪು, ಸುಟ್ಟ ವಾಸನೆ. ಹೊರ ರಿಂಗಿನಲ್ಲಿ ಎರಡು ಸಾಲಿನ ಪೈಕಿ ಪುಲ್ಲಿ ಕಡೆಯ ಸಾಲು ಮಾತ್ರ ಕಿತ್ತು ಬಂದಿದೆ, ಇನ್ನೊಂದು ಸಾಲು ಹೊಸದರ ಹಾಗೇ ಇದೆ.

ಬಿಸಿ ಆಯ್ತು ಅಂದ್ರೆ ಗ್ರೀಸ್ ಕಡಿಮೆ ಅಂತ ಇನ್ನಷ್ಟು ಹಾಕೋದು ಇಲ್ಲಿ ರೂಢಿ. ಎಷ್ಟು ಹಾಕಬೇಕು, ಎಷ್ಟು ದಿನಕ್ಕೆ ಹಾಕಬೇಕು?

ಪೀಣ್ಯ_ಬೇರಿಂಗ್

ಸರ್, ಗ್ರೀಸ್ ಹಾಕಿದ ಮೇಲೆ ಬಿಸಿ ಏರೋದು ಸಹಜ, 10–20 ಡಿಗ್ರಿ ಏರಿ ಕೆಲವು ತಾಸಿನಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಇಳಿಯಬೇಕು. ಇಳಿಯದೆ ಮೇಲೆಯೇ ನಿಂತರೆ ಒಳಗೆ ಗ್ರೀಸಿಗೆ ಸರಿಯಲು ಜಾಗವೇ ಇಲ್ಲ ಅಂತ. ರೋಲರ್‌ಗಳು ನಿಮಿಷಕ್ಕೆ 1450 ಸುತ್ತಿನ ವೇಗದಲ್ಲಿ ಅದನ್ನು ಕಡೆಯುತ್ತಲೇ ಇರ್ತವೆ. ಕಡೆದ ಶ್ರಮವೆಲ್ಲ ಶಾಖ. ಆ ಶಾಖಕ್ಕೆ ಗ್ರೀಸಿನಲ್ಲಿರುವ ಎಣ್ಣೆ ಬಿಟ್ಟುಹೋಗಿ ಎಣ್ಣೆಯನ್ನು ಹಿಡಿದಿಡುವ ಸೋಪು ಮಾತ್ರ ಉಳಿದು ಗಟ್ಟಿಯಾಗ್ತದೆ. ಆಮೇಲೆ ಬ್ಲಾಕ್ ತುಂಬ ಗ್ರೀಸ್ ಇದ್ದರೂ ರೋಲರ್ ಒಣಗಿಯೇ ಓಡೋದು. ನಿಮ್ಮ ಕಪ್ಪು ಡಾಂಬರು ಅದೇ.

ಪ್ರಮಾಣದ ಲೆಕ್ಕ: ಬೇರಿಂಗಿನ ಹೊರ ವ್ಯಾಸ × ಅಗಲ × 0.005 = ಗ್ರಾಂ. 22216ರ ಹೊರ ವ್ಯಾಸ 140, ಅಗಲ 33. ಅಂದರೆ 23 ಗ್ರಾಂ. ಇದು ಬೇರಿಂಗಿನ ಪಕ್ಕದಿಂದ ಗ್ರೀಸ್ ಒಳಹೋಗುವ ಬ್ಲಾಕಿಗೆ. ನಿಪ್ಪಲ್ (ಗನ್ನಿನ ಬಾಯಿ ಹಚ್ಚುವ ಮೊಲೆ) ಬ್ಲಾಕಿನ ಮೇಲಿನ ಕ್ಯಾಪಿನ ನಟ್ಟನಡುವೆ ಇದ್ದು, ಹೊರ ರಿಂಗಿನ ನಡುವಿನ ತೋಡು ಮತ್ತು ತೂತುಗಳ ಮೂಲಕ ನೇರ ರೋಲರ್ ನಡುವೆ ಬೀಳುವ ಹಾಗಿದ್ದರೆ 0.005ರ ಬದಲು 0.002 ಹಿಡಿಯಿರಿ, ಸುಮಾರು 9 ಗ್ರಾಂ ಸಾಕು. ಮೊದಲು ನಿಮ್ಮ ನಿಪ್ಪಲ್ ಎಲ್ಲಿದೆ ನೋಡಿ. ಪಕ್ಕದಲ್ಲಿದ್ದರೆ ಅದು ಸ್ಲೀವಿನ ಲಾಕ್‌ನಟ್ ಇರುವ ಕಡೆಗೆ ಎದುರು ಬದಿಗೆ ಇರಬೇಕು. ಹೊಸ ಗ್ರೀಸ್ ಒಂದು ಬದಿಯಿಂದ ಹೊಕ್ಕು ಬೇರಿಂಗ್ ದಾಟಿ ಲಾಕ್‌ನಟ್ ಬದಿಗೆ ಹಳೇದನ್ನು ತಳ್ಳಬೇಕು. ನಿಪ್ಪಲ್ಲೂ ಡ್ರೈನೂ ಒಂದೇ ಬದಿಗಿದ್ದರೆ ಹೊಸ ಗ್ರೀಸ್ ಬೇರಿಂಗ್ ಮುಟ್ಟದೆ ಹಾಗೇ ಹೊರಗೆ ಬರ್ತದೆ.

ಪಂಪ್ ಎಣಿಸೋದು ಲೆಕ್ಕ ಅಲ್ಲ. ಗನ್ನಿನಿಂದ ಗನ್ನಿಗೆ ಒಂದು ಪಂಪಿಗೆ ಅರ್ಧ ಗ್ರಾಮಿನಿಂದ ಒಂದೂವರೆ ಗ್ರಾಂ ತನಕ ವ್ಯತ್ಯಾಸ ಇರ್ತದೆ. ಒಂದು ಪ್ಲಾಸ್ಟಿಕ್ ಹಾಳೆ ತಕ್ಕಡಿ ಮೇಲಿಟ್ಟು 10 ಪಂಪ್ ಹೊಡೆದು ತೂಕ ನೋಡಿ, ಹತ್ತರಿಂದ ಭಾಗಿಸಿ. ಆ ಸಂಖ್ಯೆಯನ್ನು ಗನ್ನಿನ ಮೇಲೆಯೇ ಪೇಂಟಿನಲ್ಲಿ ಬರೆಯಿರಿ. ಪಂಪಿಗೆ 1.3 ಗ್ರಾಂ ಬಂತು ಅಂದುಕೊಳ್ಳಿ: 40 ಪಂಪ್ ಅಂದರೆ 52 ಗ್ರಾಂ. ವಾರಕ್ಕೆ 52 ಗ್ರಾಂ, ಹೊರಗೆ ಹೋಗೋಕೆ ದಾರಿ ಇಲ್ಲ.

ಎಷ್ಟು ದಿನಕ್ಕೊಮ್ಮೆ ಅನ್ನೋದಕ್ಕೂ ಸೂತ್ರ ಇದೆ. 1,40,00,000ವನ್ನು (ಆರ್‌ಪಿಎಂ × ಒಳ ವ್ಯಾಸದ ವರ್ಗಮೂಲ)ದಿಂದ ಭಾಗಿಸಿ, ಬಂದದ್ದರಲ್ಲಿ ಒಳ ವ್ಯಾಸದ 4 ಪಟ್ಟು ಕಳೆಯಿರಿ. ಒಳ ವ್ಯಾಸ ಅಂದರೆ ಬೇರಿಂಗಿನದು, 80. ಶಾಫ್ಟಿನ 70 ಅಲ್ಲ. 80ರ ವರ್ಗಮೂಲ 8.94. 1450 × 8.94 ಸುಮಾರು 12,970. ಭಾಗಿಸಿದರೆ 1080, ಅದರಲ್ಲಿ 320 ಕಳೆದರೆ 760 ತಾಸು. ಇದು ತಂಪು, ಶುದ್ಧ, ಅದುರದ ಜಾಗಕ್ಕೆ. ರೈಸ್ ಮಿಲ್ ಅಂಥ ಜಾಗ ಅಲ್ಲ, ಆದ್ದರಿಂದ ಗುಣಕ ಹಾಕಬೇಕು:

– ಬಿಸಿ: 65 ಡಿಗ್ರಿ ಒಳಗಿದ್ದರೆ 1, 65–80 ಇದ್ದರೆ 0.5, 80–93 ಇದ್ದರೆ 0.2, ಅದಕ್ಕೂ ಮೇಲೆ 0.1
– ದೂಳು: ಸವೆಸದ ದೂಳು ಸ್ವಲ್ಪ ಇದ್ದರೆ 1, ಬಹಳ ಇದ್ದರೆ 0.7, ಸವೆಸುವ ದೂಳು ಸ್ವಲ್ಪ ಇದ್ದರೆ 0.4, ಬಹಳ ಇದ್ದರೆ 0.2
– ಅದುರು: ಸೆಕೆಂಡಿಗೆ 5 ಮಿ.ಮೀ. ಒಳಗೆ 1, 5–10 ಇದ್ದರೆ 0.6, ಮೇಲೆ 0.3

ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬ. ನೋಡೋಕೆ ಹಗುರ, ಆದರೆ ಬೇರಿಂಗಿಗೆ ಅದು ಉಜ್ಜುಕಾಗದದ ಪುಡಿ. 0.4 ಹಿಡಿಯಿರಿ. ಬಿಸಿ 65–80ಕ್ಕೆ ತಂದರೆ 760 × 0.4 × 0.5 = ಸುಮಾರು 150 ತಾಸು. ದಿನಕ್ಕೆ 16 ತಾಸಿನಂತೆ 9 ದಿನಕ್ಕೊಮ್ಮೆ 23 ಗ್ರಾಂ. ಈಗಿನ 88–95 ಡಿಗ್ರಿಗೆ ಇದೇ ಲೆಕ್ಕ ಮಾಡಿದರೆ 60 ತಾಸೋ 30 ತಾಸೋ ಬರ್ತದೆ. ಹಾಗಂತ ದಿನ ಬಿಟ್ಟು ದಿನ ಗ್ರೀಸ್ ಹೊಡೆಯೋಕೆ ಹೋಗಬೇಡಿ. ಅಷ್ಟು ಬಿಸಿಯಾಗೋ ಕಾರಣ ಮೊದಲು ಹುಡುಕಿ.

ಶಾಫ್ಟ್_ಅಲೈನ್

ಪ್ರಮಾಣದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಬೇರಿಂಗ್ ಸಾಯ್ತಿರೋದು ಬರೀ ಗ್ರೀಸಿನಿಂದ ಅಲ್ಲ ಅನ್ನಿಸ್ತದೆ. ಹೊರ ರಿಂಗಿನಲ್ಲಿ ಒಂದೇ ಸಾಲು ಕಿತ್ತಿದೆ ಅಂದ್ರಿ, ಅದೂ ಹೊರಮುಖದ ಸಾಲು. ಇಂಪೆಲರ್ ಕಡೆಯ ಬೇರಿಂಗಿನಲ್ಲೂ ಹೊರಮುಖದ ಸಾಲೇ ಹೆಚ್ಚು ಹೊಳೀತಿದೆಯಾ ನೋಡಿ. ಹಾಗೆಯೇ ಎರಡೂ ಬ್ಲಾಕಿನ ಒಳಗೆ, ಬೇರಿಂಗಿನ ಅಕ್ಕಪಕ್ಕ ಲೊಕೇಟಿಂಗ್ ರಿಂಗ್ (ಬೇರಿಂಗ್ ಉದ್ದಕ್ಕೆ ಸರಿಯದಂತೆ ತಡೆಯುವ ಬಳೆ) ಹಾಕಿದ್ದೀರಾ?

ಗಂಗಾವತಿ_ಮಿಲ್

ಇವತ್ತು ಮಿಲ್ ನಿಲ್ಲಿಸಿ ಎರಡೂ ಕ್ಯಾಪ್ ಎತ್ತಿ ನೋಡಿದ್ವಿ ಸರ್. ಎರಡರಲ್ಲೂ ಎರಡೆರಡು ರಿಂಗ್ ಇದಾವೆ. ಇಂಪೆಲರ್ ಕಡೆ ಬೇರಿಂಗ್‌ನಲ್ಲೂ ಇಂಪೆಲರ್ ಮುಖದ ಸಾಲಿಗೇ ಹೊಳಪು ಜಾಸ್ತಿ. ಗನ್ ತೂಕ ಹಾಕಿದ್ವಿ, 10 ಪಂಪಿಗೆ 14 ಗ್ರಾಂ. ನಿಪ್ಪಲ್ ಪಕ್ಕದಲ್ಲಿದೆ, ಲಾಕ್‌ನಟ್‌ಗೆ ಎದುರು ಬದಿಗೇ ಇದೆ.

ಇದ್ರ ಜೊತೆ ಇನ್ನೊಂದು: ಭತ್ತ ಮೇಲೆತ್ತೋ ಎಲಿವೇಟರ್‌ನ ಮೇಲಿನ (ಹೆಡ್) ಶಾಫ್ಟ್ 80 ಆರ್‌ಪಿಎಂ, ಯುಸಿಪಿ 210 ಬ್ಲಾಕ್ (ಬೇರಿಂಗ್ ಕೂಡಿಯೇ ಬರೋದು). ಅದಕ್ಕೂ ಇದೇ ಗ್ರೀಸ್ ನಡೀತದಾ?

ಶಾಫ್ಟ್_ಅಲೈನ್

ಹಾಗಾದರೆ ಕಾರಣ ಸಿಕ್ಕಿತು. ಎರಡೂ ಬೇರಿಂಗನ್ನು ಕಟ್ಟಿಹಾಕಿದ್ದೀರಿ.

ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ನಿಮ್ಮ 1.2 ಮೀಟರ್ ಶಾಫ್ಟ್ ಕೆಳಗಿನ ಫ್ರೇಮಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ 0.58 ಮಿ.ಮೀ. ಉದ್ದವಾಗ್ತದೆ. ಕೂರಿಸಿದ ಮೇಲೆ 22216ರಲ್ಲಿ ಉದ್ದಕ್ಕೆ ಸಿಗುವ ಸಡಿಲು ಕಾಲು ಮಿಲಿಮೀಟರ್ ಆಸುಪಾಸು. ಉಳಿದ ಹಿಗ್ಗು ಎಲ್ಲಿಗೆ ಹೋಗಬೇಕು? ಒಳ ರಿಂಗ್ ಎರಡೂ ಹೊರಮುಖವಾಗಿ ಸರಿದು, ಹೊರಗಿನ ಸಾಲಿನ ರೋಲರ್‌ಗಳನ್ನು ಹೊರ ರಿಂಗಿಗೆ ಒತ್ತಿ ಹಿಡೀತವೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಹಿಗ್ಗು, ಹಿಗ್ಗಿದಷ್ಟೂ ಒತ್ತು. ಪುಲ್ಲಿ ಕಡೆಗೆ ಬೆಲ್ಟಿನ ಎಳೆತವೂ ಸೇರುವುದರಿಂದ ಅದು ಮೊದಲು ಹೋಗ್ತದೆ. ಈ ಸ್ಥಿತಿಯಲ್ಲಿ ಯಾವ ಗ್ರೀಸ್ ಹಾಕಿದರೂ ಎಣ್ಣೆಯ ಪದರ ನಿಲ್ಲೋದಿಲ್ಲ.

ಮಾಡಬೇಕಾದ್ದು: ಒಂದು ಬ್ಲಾಕ್ ಮಾತ್ರ ಫಿಕ್ಸ್, ಇನ್ನೊಂದು ಫ್ರೀ. ಬ್ಲೋವರ್ ತಯಾರಕರ ಡ್ರಾಯಿಂಗ್ ಇದ್ದರೆ ಅದರಂತೆ. ಇಲ್ಲದಿದ್ದರೆ ಪುಲ್ಲಿ ಕಡೆ ಫಿಕ್ಸ್ ಇಡಿ, ಬೆಲ್ಟಿನ ನೇರ ಕೆಡೋದಿಲ್ಲ. ಇಂಪೆಲರ್ ಮತ್ತು ಇನ್‌ಲೆಟ್ ಕೋನ್ ನಡುವಿನ ಸಂದಿಗೆ ಅರ್ಧ ಮಿಲಿಮೀಟರ್ ದೊಡ್ಡ ವಿಷಯ ಅಲ್ಲ. ಎಸ್‌ಎನ್‌ಎಲ್ 516ರ ಒಳ ಆಸನದ ಅಗಲ 58 ಮಿ.ಮೀ., ಬೇರಿಂಗ್ 33, ಉಳಿದ 25ಕ್ಕೆ 12.5ರ ಎರಡು ರಿಂಗ್. ಫ್ರೀ ಬ್ಲಾಕಿನಿಂದ ಆ ಎರಡನ್ನೂ ತೆಗೆದುಬಿಡಿ, ಒಂದನ್ನು ತೆಗೆದು ಒಂದನ್ನು ಬಿಡೋದು ಬೇಡ. ಬೇರಿಂಗನ್ನು ಆಸನದ ನಡುವಿಗೆ ಕೂರಿಸಿ. ಹೊರ ರಿಂಗ್ ಆಸನದಲ್ಲಿ ಕೈಯಲ್ಲಿ ತಳ್ಳಿದರೆ ಸರಿಯಬೇಕು. ಆಸನದಲ್ಲಿ ಕೆಂಪು ತುಕ್ಕಿನ ಪುಡಿ, ಬಣ್ಣ, ಗುದ್ದಿದ ಗುರುತು ಇದ್ದರೆ ನಯವಾದ ಎಮರಿ ಕಾಗದದಿಂದ ತೆಗೆಯಿರಿ. ಆಸನ ಕಚ್ಚಿ ಹಿಡಿದರೆ ರಿಂಗ್ ತೆಗೆದೂ ಪ್ರಯೋಜನ ಇಲ್ಲ.

ಹೊಸ ಬೇರಿಂಗ್ ಕೂರಿಸುವಾಗ ಸ್ಲೀವಿನ ನಟ್ಟನ್ನು ಅಂದಾಜಿನಲ್ಲಿ ಬಿಗಿಯೋದು ಎರಡನೇ ದೊಡ್ಡ ತಪ್ಪು. ನಟ್ ಬಿಗಿದಂತೆ ಬೇರಿಂಗ್ ಟೇಪರ್ ಏರಿ ಒಳ ರಿಂಗ್ ಹಿಗ್ಗಿ ರೋಲರಿನ ಸಡಿಲು ಕಡಿಮೆ ಆಗ್ತದೆ. ಮೇಜಿನ ಮೇಲೆ ಬೇರಿಂಗ್ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸುತ್ತು ತಿರುಗಿಸಿ, ಮೇಲಿನ ರೋಲರ್ ಮತ್ತು ಹೊರ ರಿಂಗ್ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಎರಡೂ ಸಾಲಿಗೆ ನೋಡಬೇಕು. ಈ ಅಳತೆಗೆ ಟೇಪರ್ ಬೋರಿನ ಸಾಮಾನ್ಯ ಕ್ಲಿಯರೆನ್ಸ್ 0.070–0.095 ಮಿ.ಮೀ., ಸಿ3 (ಹೆಚ್ಚು ಸಡಿಲಿನ ಬೇರಿಂಗ್) ಆದರೆ 0.095–0.120. ಬಿಗಿಯುತ್ತಾ 0.040–0.050 ಕಡಿಮೆ ಆಗುವ ತನಕ ತರಬೇಕು. ಮೇಜಿನ ಮೇಲೆ 0.085 ಇದ್ದದ್ದು ಶಾಫ್ಟಿನ ಮೇಲೆ 0.040 ಆದಾಗ ನಿಲ್ಲಿಸಿ. ಶಾಫ್ಟಿನ ಮೇಲೆ ಅಳೆಯುವಾಗ ಹೊರ ರಿಂಗ್ ಕೆಳಗೆ ತೂಗ್ತಿರ್ತದೆ, ಹಾಗಾಗಿ ಸಡಿಲು ಕೆಳಗಡೆ ಸಿಗ್ತದೆ. ಫೀಲರ್ ಅಲ್ಲಿ ತೂರಿಸಿ. ಲಾಕ್ ವಾಷರಿನ ನಾಲಿಗೆ ನಟ್ಟಿನ ತೋಡಿಗೆ ಎದುರಾಗದಿದ್ದರೆ ಇನ್ನು ಸ್ವಲ್ಪ ಬಿಗಿದು ಎದುರು ತನ್ನಿ, ಸಡಿಲಿಸಿ ತರಬೇಡಿ. ಹೊಸ ಬೇರಿಂಗಿನ ಮೇಲಿನ ತುಕ್ಕು ತಡೆಯುವ ಎಣ್ಣೆ ಸಾಮಾನ್ಯ ಲಿಥಿಯಂ ಗ್ರೀಸಿನ ಜೊತೆ ಹೊಂದಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ದೂಳು ಬಳಿಯೋದಕ್ಕಿಂತ ಹಾಗೇ ಬಿಡೋದು ಮೇಲು. ಒಳಬೋರಿನ ಎಣ್ಣೆಯನ್ನು ಮಾತ್ರ ಒರೆಸಿ.

ಮೊದಲ ಸಲ ತುಂಬುವ ಗ್ರೀಸ್: ರೋಲರ್‌ಗಳ ನಡುವೆ ಬೆರಳಿನಿಂದ ಒತ್ತಿ ಬೇರಿಂಗನ್ನು ಪೂರ್ತಿ ತುಂಬಿ. ಬ್ಲಾಕಿನ ಖಾಲಿ ಜಾಗದಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲು, ಅದೂ ಕೆಳ ಅರ್ಧದಲ್ಲಿ. ಕ್ಯಾಪಿನ ಒಳಗೆ ಬಳಿಯಬೇಡಿ, ಆ ಖಾಲಿ ಜಾಗ ಬೇಕೇ ಬೇಕು. ಸೀಲ್ ಫೆಲ್ಟಿನದಾದರೆ ಹಾಕುವ ಮೊದಲು ಸುಮಾರು 80 ಡಿಗ್ರಿ ಬಿಸಿ ಎಣ್ಣೆಯಲ್ಲಿ ನೆನೆಸಿ. ಒಣ ಫೆಲ್ಟ್ ಶಾಫ್ಟನ್ನು ಉಜ್ಜಿ ತೋಡು ಬೀಳಿಸ್ತದೆ, ಆಮೇಲೆ ಹೊಟ್ಟಿನ ದೂಳಿಗೆ ಅದೇ ಬಾಗಿಲು. ರಬ್ಬರ್ ತುಟಿಯ ಸೀಲ್ ಆದರೆ ತುಟಿಗಳ ನಡುವೆ ಗ್ರೀಸ್ ತುಂಬಿ.

ಬೆಲ್ಟ್ ಬಿಗಿಯನ್ನೂ ಇದೇ ಹೊತ್ತಿನಲ್ಲಿ ನೋಡಿ. ಎರಡು ಪುಲ್ಲಿ ನಡುವಿನ ಪ್ರತಿ ಮೀಟರಿಗೆ 16 ಮಿ.ಮೀ. ಬಗ್ಗಬೇಕು, ಬೆಲ್ಟ್ ತಯಾರಕರ ಕೋಷ್ಟಕದಲ್ಲಿ ಹೇಳಿದ ಬಲಕ್ಕೆ. ಜಾರಬಾರದು ಅಂತ ತಂತಿಯ ಹಾಗೆ ಎಳೆದು ಕಟ್ಟಿದರೆ ಆ ಎಳೆತ ಅಷ್ಟೂ ಬೀಳೋದು ಪುಲ್ಲಿ ಕಡೆಯ ಬೇರಿಂಗಿನ ಮೇಲೆ.

ಜಿಡ್ಡಿನ_ಲೆಕ್ಕ

ಎಲಿವೇಟರ್ ಪ್ರಶ್ನೆಗೆ. ಗ್ರೀಸ್ ಡಬ್ಬಿಯ ಮೇಲಿನ "2" ಅನ್ನೋದು ಗ್ರೀಸ್ ಎಷ್ಟು ಗಟ್ಟಿ ಅಂತ ಮಾತ್ರ ಹೇಳ್ತದೆ. ಬೇರಿಂಗಿಗೆ ಮುಖ್ಯವಾದದ್ದು ಅದರೊಳಗಿನ ಎಣ್ಣೆ ಎಷ್ಟು ದಪ್ಪ ಅನ್ನೋದು. ಸೋಪು ಸ್ಪಂಜಿನ ಹಾಗೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟೇ ಬಿಡ್ತದೆ, ಕೆಲಸ ಮಾಡೋದು ಎಣ್ಣೆ. ಎರಡು ಡಬ್ಬಿ ಎರಡೂ "ನಂಬರ್ 2" ಆಗಿದ್ದು ಒಂದರೊಳಗೆ 100ರ ಎಣ್ಣೆ, ಇನ್ನೊಂದರೊಳಗೆ 460ರ ಎಣ್ಣೆ ಇರಬಹುದು. ಡಬ್ಬಿಯ ಮೇಲೆ ಬರೆದಿರೋದಿಲ್ಲ. ಡೇಟಾ ಶೀಟಿನಲ್ಲಿ "ಬೇಸ್ ಆಯಿಲ್ ವಿಸ್ಕಾಸಿಟಿ, 40 ಡಿಗ್ರಿಗೆ" ಅಂತ ಇರ್ತದೆ, ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಿ.

ನಿಯಮ ಬೇರಿಂಗಿನ ಒಳ ಮತ್ತು ಹೊರ ವ್ಯಾಸದ ಸರಾಸರಿಯ ಮೇಲೆ ನಿಂತಿದೆ. 1000 ಆರ್‌ಪಿಎಂ ಮೇಲೆ ಬೇಕಾದ ಕನಿಷ್ಠ ದಪ್ಪ = 4500 ÷ (ಆರ್‌ಪಿಎಂ × ಸರಾಸರಿ ವ್ಯಾಸ)ದ ವರ್ಗಮೂಲ. ಬ್ಲೋವರ್‌ಗೆ ಸರಾಸರಿ 110: 4500 ÷ 399 = ಸುಮಾರು 11 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ), ಅದೂ ಓಡುವಾಗಿನ ಬಿಸಿಯಲ್ಲಿ. 150ರ ಎಣ್ಣೆ 70 ಡಿಗ್ರಿಗೆ 38ರ ಸುತ್ತ ಇರ್ತದೆ, 220ರದ್ದು 50ರ ಸುತ್ತ. ಬೇಕಾದ್ದರ 1ರಿಂದ 4 ಪಟ್ಟು ಒಳಗೆ ಇರೋದು ಒಳ್ಳೆಯದು. ಹಾಗಾಗಿ ಬ್ಲೋವರ್‌ಗೆ 100–150 ಸರಿ. 220 ಹಾಕಿದರೂ ಬೇರಿಂಗ್ ಹಾಳಾಗಲ್ಲ, ಆದರೆ ಕೆಲವು ಡಿಗ್ರಿ ಬಿಸಿ ಹೆಚ್ಚು ಓಡ್ತದೆ.

ಎಲಿವೇಟರ್ ಇದಕ್ಕೆ ಪೂರ್ತಿ ತಿರುಗುಮುರುಗು. 80 ಆರ್‌ಪಿಎಂಗೆ ರೋಲಿಂಗ್ ವೇಗದಿಂದ ಎಣ್ಣೆಯ ಪದರ ಏಳೋದೇ ಕಷ್ಟ, ಆದ್ದರಿಂದ ದಪ್ಪ ಎಣ್ಣೆ ಬೇಕು. ಯುಸಿಪಿ 210ಕ್ಕೆ (50 ಒಳಗೆ, 90 ಹೊರಗೆ, ಸರಾಸರಿ 70) 1000 ಆರ್‌ಪಿಎಂ ಕೆಳಗಿನ ಬೇರೆ ಸೂತ್ರದಲ್ಲಿ ಲೆಕ್ಕ 140 ಸೆಂಟಿಸ್ಟೋಕ್ಸ್ ಬರ್ತದೆ. ಬ್ಲಾಕ್ ಓಡೋದು 45 ಡಿಗ್ರಿಗೆ ಅಂದುಕೊಂಡರೆ 220ರ ಎಣ್ಣೆ ಅಲ್ಲಿ ಸುಮಾರು 165. ಸರಿಹೋಗ್ತದೆ. 100ರ ಎಣ್ಣೆಯ ಗ್ರೀಸ್ ಅಲ್ಲಿ ಸಾಲೋದಿಲ್ಲ. ಒಂದೇ ಗ್ರೀಸ್ ಇಟ್ಟುಕೊಳ್ಳಬೇಕು ಅಂತಿದ್ದರೆ ಲಿಥಿಯಂ ಇಪಿ 2, 220ರ ಎಣ್ಣೆಯದು ಎರಡಕ್ಕೂ ನಡೀತದೆ. ಎರಡು ಇಡೋಕೆ ಆಗೋದಾದರೆ ಎರಡು ಗನ್ ಇಡಿ, ಗನ್ನಿಗೆ ಬೇರೆ ಬೇರೆ ಬಣ್ಣ, ನಿಪ್ಪಲ್ ಪಕ್ಕದಲ್ಲೂ ಅದೇ ಬಣ್ಣದ ಚುಕ್ಕೆ.

ಯುಸಿಪಿಗೆ ಹಾಕುವಾಗ ಕೈ ಗನ್ನೂ ನಿಧಾನ ಒತ್ತಿ. ಕೈ ಗನ್ನಿನ ಒತ್ತಡಕ್ಕೇ ಅದರ ಸೀಲ್ ಹಾರಿಹೋಗಬಹುದು, ಹಾರಿದ ಮೇಲೆ ದೂಳಿಗೆ ಅಡ್ಡಿಯೇ ಇಲ್ಲ. ಬೆಲ್ಟನ್ನು ಕೈಯಲ್ಲಿ ತಿರುಗಿಸುತ್ತಾ ಎರಡು ಮೂರು ಗ್ರಾಂ, ಸೀಲಿನ ತುಟಿಯಲ್ಲಿ ಎಳ್ಳಿನಷ್ಟು ಹೊಸ ಗ್ರೀಸ್ ಕಂಡರೆ ನಿಲ್ಲಿಸಿ. ಇಷ್ಟು ನಿಧಾನದ ಶಾಫ್ಟಿಗೆ ತಾಸಿನ ಸೂತ್ರ ಸಾವಿರಾರು ತಾಸು ಹೇಳ್ತದೆ, ಅದನ್ನು ಹಿಡಿಯಬೇಡಿ. ಅಲ್ಲಿ ಗ್ರೀಸಿನ ಕೆಲಸ ಮುಖ್ಯವಾಗಿ ದೂಳು ತಡೆಯೋದು, ತಿಂಗಳಿಗೊಮ್ಮೆ ಸಾಕು. ಎಲಿವೇಟರಿನ ಕೆಳಗಿನ ಬೂಟ್ ಶಾಫ್ಟಿಗೆ ಭತ್ತದ ದೂಳೆಲ್ಲ ಬಂದು ಬೀಳೋದರಿಂದ ಹದಿನೈದು ದಿನಕ್ಕೊಮ್ಮೆ ಮಾಡಿ.

ಬೆರಕೆ ಬಗ್ಗೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿಥಿಯಂ, ಲಿಥಿಯಂ ಕಾಂಪ್ಲೆಕ್ಸ್ ಸಾಮಾನ್ಯವಾಗಿ ಒಂದಕ್ಕೊಂದು ಹೊಂದ್ತವೆ. ಲಿಥಿಯಂ ಜೊತೆ ಜೇಡಿಯ (ಬೆಂಟೋನೈಟ್) ಗ್ರೀಸ್ ಅಥವಾ ಪಾಲಿಯೂರಿಯಾ ಬೆರೆಸಿದರೆ ಬಹಳ ಸಲ ಎರಡೂ ಕೆಟ್ಟು ನೀರಾಗಿ ಸೀಲಿನಿಂದ ಸೋರ್ತವೆ, ಇಲ್ಲವೇ ಗಟ್ಟಿಯಾಗ್ತವೆ. ಬಣ್ಣ ನೋಡಿ ಗ್ರೀಸ್ ಗುರುತಿಸೋಕೆ ಆಗಲ್ಲ. ಕೆಂಪು, ನೀಲಿ ಎಲ್ಲ ಸೇರಿಸಿದ ಬಣ್ಣ ಮಾತ್ರ. ಡ್ರಾಪಿಂಗ್ ಪಾಯಿಂಟ್ 190 ಡಿಗ್ರಿ ಅಂತ ಬರೆದಿದ್ದರೆ 190ರ ತನಕ ಓಡಿಸಬಹುದು ಅಂತಲೂ ಅಲ್ಲ, ಅದು ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ. ಸಾಮಾನ್ಯ ಲಿಥಿಯಂ ಗ್ರೀಸ್ 70 ಡಿಗ್ರಿ ಮೇಲೆ ಪ್ರತಿ 15 ಡಿಗ್ರಿಗೆ ಅರ್ಧ ಆಯಸ್ಸು ಕಳೆದುಕೊಳ್ಳುತ್ತದೆ. 70ಕ್ಕೆ ಇದ್ದ ಆಯಸ್ಸು 85ಕ್ಕೆ ಅರ್ಧ, 100ಕ್ಕೆ ಕಾಲು.

ತೆಗೆದ ಹಳೆ ಗ್ರೀಸನ್ನು ಎಸೆಯುವ ಮೊದಲು ಬಿಳಿ ಕಾಗದದ ಮೇಲೆ ಸವರಿ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಸಿ. ಕಾಗದದ ಕೆಳಗೆ ಅಯಸ್ಕಾಂತ ಆಡಿಸಿದಾಗ ಪುಡಿ ಜೊತೆಗೆ ಸರಿದರೆ ಉಕ್ಕು ಸವೀತಿದೆ. ಬಂಗಾರದ ಬಣ್ಣದ ಮಿನುಗು ಕಂಡು, ಅಯಸ್ಕಾಂತಕ್ಕೆ ಸರಿಯದಿದ್ದರೆ ಹಿತ್ತಾಳೆ ಕೇಜ್ (ರೋಲರ್‌ಗಳನ್ನು ಹಿಡಿದಿಡುವ ಚೌಕಟ್ಟು) ಇರುವ ಬೇರಿಂಗಿನಲ್ಲಿ ಕೇಜ್ ಹೋಗ್ತಿದೆ. ಬೆರಳಿಗೆ ಮರಳಿನ ಹಾಗೆ ಕರಕರ ಅಂದರೆ ದೂಳು, ಸೀಲ್ ನೋಡಿ.

ಮೋಟರ್_ವೈಂಡರ್_ದಾವಣಗೆರೆ

ಇಷ್ಟೆಲ್ಲ ಬ್ಲೋವರ್‌ಗೆ ಮಾಡಿ, ಅದೇ ದಿನ ಅದೇ ಗನ್ ಹಿಡಿದು ಮೋಟರಿಗೂ ಅಷ್ಟೇ ಹೊಡೆಯೋದು ಕಾಣ್ತೀವಿ. ದಯವಿಟ್ಟು ಹಾಗೆ ಮಾಡಬೇಡಿ. 30 ಎಚ್‌ಪಿ, 4 ಪೋಲ್ ಮೋಟರಿನಲ್ಲಿ ಸಾಮಾನ್ಯವಾಗಿ 6310ರ ಅಳತೆಯ ಬಾಲ್ ಬೇರಿಂಗ್ ಇರ್ತದೆ, ನೇಮ್ ಪ್ಲೇಟಿನಲ್ಲಿ ಖಚಿತ ಮಾಡಿಕೊಳ್ಳಿ. 110 × 27 × 0.005 = 15 ಗ್ರಾಂ. ಮೇಲಿನ ತಾಸಿನ ಸೂತ್ರದಲ್ಲಿ ಬಾಲ್ ಬೇರಿಂಗಿಗೆ ಗುಣಕ 10. ಒಳ ವ್ಯಾಸ 50, 1460 ಆರ್‌ಪಿಎಂ ಹಾಕಿದರೆ 1150ರ ಸುತ್ತ, ಅದರ 10 ಪಟ್ಟು, ಮತ್ತೆ ದೂಳಿಗೆ 0.4, ಬಿಸಿಗೆ 0.5. ಸುಮಾರು 2300 ತಾಸು. ಅಂದರೆ ಬ್ಲೋವರ್‌ಗೆ 15 ಸಲ ಹಾಕುವಷ್ಟರಲ್ಲಿ ಮೋಟರಿಗೆ ಒಂದು ಸಲ.

ಜಾಸ್ತಿ ಹಾಕಿದ್ದು ಒಳಗಿನ ಕವರ್ ದಾಟಿ ವೈಂಡಿಂಗ್ ಮೇಲೆ ಬೀಳ್ತದೆ. ಗ್ರೀಸ್ ಮೇಲೆ ತೌಡಿನ ದೂಳು ಅಂಟಿ ಗಟ್ಟಿ ಪದರ ಆಗ್ತದೆ, ತಾಮ್ರದ ಬಿಸಿ ಹೊರಗೆ ಹೋಗಲ್ಲ, ಇನ್ಸುಲೇಷನ್ ಸುಡ್ತದೆ. ಮೋಟರಿನ ಗ್ರೀಸ್ ಪಾಲಿಯೂರಿಯಾ ಇರೋ ಸಾಧ್ಯತೆಯೂ ಇದೆ, ಬೆರಕೆ ಬಗ್ಗೆ ಮೇಲೆ ಹೇಳಿದ್ದು ಇಲ್ಲಿಗೂ ಅನ್ವಯ. ಬೇರಿಂಗ್ ನಂಬರಿನ ಕೊನೆಗೆ ಝಡ್‌ಝಡ್ ಅಥವಾ 2ಆರ್‌ಎಸ್ (ಎರಡೂ ಬದಿ ಮುಚ್ಚಿದ್ದು) ಇದ್ದರೆ ಗ್ರೀಸ್ ಹಾಕುವ ಮಾತೇ ಇಲ್ಲ, ಸದ್ದು ಬಂದಾಗ ಬದಲಾಯಿಸೋದು.

ಇನ್ನೊಂದು, ಸೀಸನ್ ಮುಗಿದ ಮೇಲಿನ ವಿಷಯ. ತಿಂಗಳುಗಟ್ಟಲೆ ಬ್ಲೋವರ್ ನಿಂತೇ ಇದ್ದು ಪಕ್ಕದಲ್ಲಿ ಬೇರೆ ಮಷೀನು ಓಡ್ತಿದ್ದರೆ, ಆ ಅದುರಿಗೆ ರೋಲರ್ ನಿಂತ ಜಾಗದಲ್ಲೇ ಸಣ್ಣಗೆ ಕುಣಿದು ಎಣ್ಣೆ ಪದರ ಒರೆಸಿ ರೋಲರ್ ದೂರಕ್ಕೆ ಒಂದೊಂದು ಗೀರು ಬೀಳಿಸ್ತದೆ. ಮುಂದಿನ ಸೀಸನ್ ಶುರು ಮಾಡಿದ ದಿನವೇ ಸದ್ದು. ನಿಲ್ಲಿಸುವಾಗ ಬೆಲ್ಟ್ ಸಡಿಲಿಸಿ. ವಾರಕ್ಕೊಮ್ಮೆ ಶಾಫ್ಟನ್ನು ಕೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ, ಹಿಂದಿನ ಸಲ ನಿಂತ ಜಾಗಕ್ಕಿಂತ ಕಾಲು ಸುತ್ತು ಮುಂದೆ ನಿಲ್ಲಿಸಿ. ಪುಲ್ಲಿಯ ಮೇಲೆ ಸೀಮೆಸುಣ್ಣದ ಗುರುತು ಇದ್ದರೆ ಸುಲಭ. ಮಳೆಗಾಲ ದಾಟಿಸಬೇಕಾದರೆ ಬ್ಲಾಕನ್ನು ಗ್ರೀಸಿನಿಂದ ಪೂರ್ತಿ ತುಂಬಿ ಇಡಬಹುದು, ತೇವ ಒಳಗೆ ಹೋಗಲ್ಲ. ಆದರೆ "ತುಂಬಿದೆ, ತೆಗೆದು ಓಡಿಸಿ" ಅಂತ ಚೀಟಿ ಕಟ್ಟಿ. ಚೀಟಿ ಇಲ್ಲದೆ ಹಾಗೇ ಓಡಿಸಿದರೆ ಮೊದಲ ದಿನವೇ ಈಗಿನ 95 ಡಿಗ್ರಿ.

ಪೀಣ್ಯ_ಬೇರಿಂಗ್

ಗ್ರೀಸ್ ಹಾಕುವ ಕ್ರಮ ಬರೆಯೋದು ಬಿಟ್ಟುಹೋಗಿತ್ತು. ಮೇನ್ ಸ್ವಿಚ್ ತೆಗೆದು, ಬೀಗ ಹಾಕಿ, ಡ್ರೈನ್ ಪ್ಲಗ್ಗನ್ನು ಬಣ್ಣ ಕೆರೆದು ತೆರೆಯಿರಿ. ಒಳಗೆ ಗಟ್ಟಿ ಗ್ರೀಸ್ ಕಟ್ಟಿಕೊಂಡಿದ್ದರೆ ಮರದ ಕಡ್ಡಿಯಿಂದ ತೆಗೆಯಿರಿ, ಸ್ಕ್ರೂಡ್ರೈವರ್ ತೂರಿಸಿದರೆ ಸೀಲ್ ಹರೀತದೆ. ನಿಪ್ಪಲ್ ಮತ್ತು ಗನ್ನಿನ ಬಾಯಿ ಒರೆಸಿ. ನಿಪ್ಪಲ್ ಮೇಲಿನ ಒಂದು ಚಿಟಿಕೆ ದೂಳು ಮೊದಲ ಪಂಪಿನಲ್ಲೇ ನೇರ ಬೇರಿಂಗಿಗೆ ಹೋಗ್ತದೆ. ಇಷ್ಟಾದ ಮೇಲೆ ಬೀಗ ತೆಗೆದು ಬ್ಲೋವರ್ ಓಡಿಸಿ. ಗ್ರೀಸ್ ಹಾಕಬೇಕಾದ್ದು ಶಾಫ್ಟ್ ತಿರುಗುತ್ತಿರುವಾಗ, ಆಗಲೇ ಅದು ಎಲ್ಲ ರೋಲರಿಗೂ ಹಂಚಿಹೋಗೋದು. ಆದರೆ ನಿಪ್ಪಲ್ ಬೆಲ್ಟ್ ಗಾರ್ಡಿನ ಒಳಗಿದ್ದರೆ ಓಡುವಾಗ ಕೈ ಹಾಕಲೇಬೇಡಿ. 6 ಮಿ.ಮೀ. ತಾಮ್ರದ ಪೈಪ್ ಎಳೆದು ನಿಪ್ಪಲನ್ನು ಗಾರ್ಡಿನ ಹೊರಗೆ ತನ್ನಿ, ಪೈಪನ್ನು ಮೊದಲೇ ಗ್ರೀಸಿನಿಂದ ತುಂಬಿಸಿ ಜೋಡಿಸಿ. ಪೈಪ್ ಎಳೆಯುವ ತನಕ, ನಿಲ್ಲಿಸಿ ಅರ್ಧ ಹಾಕಿ, ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಉಳಿದರ್ಧ ಹಾಕಿ.

ನಿಮ್ಮ ಗನ್ ಪಂಪಿಗೆ 1.4 ಗ್ರಾಂ, ಹಾಗಾಗಿ 16 ಪಂಪ್. ಡ್ರೈನ್ ತೆರೆದಿಟ್ಟೇ ಒಂದು ತಾಸು ಓಡಿಸಿ. ಬಿಸಿ ಏರೋದು ನಿಂತು ಇಳಿಯೋಕೆ ಶುರುವಾದ ಮೇಲೆ ಮತ್ತೆ ನಿಲ್ಲಿಸಿ ಪ್ಲಗ್ ಹಾಕಿ. ತೆರೆದೇ ಬಿಟ್ಟರೆ ಹೊಟ್ಟು ಒಳಗೆ ಹೋಗ್ತದೆ.

ಬಿಸಿ ಅಳೆಯೋಕೆ ಇನ್‌ಫ್ರಾರೆಡ್ ಗನ್ ಉಪಯೋಗಿಸಿದರೆ ಬ್ಲಾಕಿನ ಮೇಲೆ, ಬೇರಿಂಗಿನ ನೇರಕ್ಕೆ ಒಂದು ರೂಪಾಯಿ ಅಗಲ ಮ್ಯಾಟ್ ಕಪ್ಪು ಬಣ್ಣ ಬಳಿದು ಅಲ್ಲೇ ಹಿಡಿಯಿರಿ. ಹೊಳೆಯುವ ಲೋಹ, ನಟ್ಟಿನ ತಲೆ ಮೇಲೆ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸ್ತದೆ.

ಗಂಗಾವತಿ_ಮಿಲ್

ಇಂಪೆಲರ್ ಕಡೆ ಎರಡೂ ರಿಂಗ್ ತೆಗೆದ್ವಿ. ಎರಡೂ ಕಡೆ ಹೊಸ ಬೇರಿಂಗ್ ಹಾಕಿ, ಮೇಜಿನ ಮೇಲೆ 0.08 ಇದ್ದ ಸಂದು 0.04ಕ್ಕೆ ತಂದು ನಿಲ್ಲಿಸಿದ್ವಿ. ಬೆಲ್ಟ್ ಸಡಿಲಿಸಿ ಅಳತೆಗೆ ತಂದ್ವಿ. 3 ದಿನ ಓಡಿದ ಮೇಲೆ ಕಪ್ಪು ಚುಕ್ಕೆ ಮೇಲೆ ಪುಲ್ಲಿ ಕಡೆ 63, ಇಂಪೆಲರ್ ಕಡೆ 59 ಡಿಗ್ರಿ. ಮೊದಲಿನ ಸದ್ದೂ ಇಲ್ಲ. 65ರ ಒಳಗೆ ಬಂತಲ್ಲ, ಹಾಗಾದ್ರೆ 150 ತಾಸನ್ನ 300 ಮಾಡಬಹುದಾ?

ಪೀಣ್ಯ_ಬೇರಿಂಗ್

ಈಗಲೇ ಬೇಡ ಸರ್. ಸೂತ್ರದ ಪ್ರಕಾರ 300 ಸರಿ, ಆದರೆ ಇದು ಡಿಸೆಂಬರಿನ ಅಳತೆ. ಬೇರಿಂಗಿನ ಬಿಸಿ ಸುತ್ತಲಿನ ಗಾಳಿಯ ಬಿಸಿಯ ಮೇಲೆ ನಿಂತಿರ್ತದೆ. ಈಗ ಮಿಲ್ಲಿನೊಳಗೆ 30 ಇದ್ದರೆ ಪುಲ್ಲಿ ಕಡೆಯದ್ದು ಗಾಳಿಗಿಂತ 33 ಮೇಲೆ ಇದೆ. ಬೇಸಿಗೆ ಬೆಳೆಯ ಭತ್ತ ಏಪ್ರಿಲ್, ಮೇನಲ್ಲಿ ಬರುವಾಗ ನಿಮ್ಮ ಕಡೆ 40–42 ಆಗ್ತದೆ, ಅದೇ ಬೇರಿಂಗ್ 75 ಮುಟ್ತದೆ. ಡಿಸೆಂಬರಿನಿಂದ ಫೆಬ್ರವರಿ ತನಕ 300 ತಾಸಿಗೆ 16 ಪಂಪ್, ಮಾರ್ಚಿನಿಂದ 150 ತಾಸಿಗೆ 16 ಪಂಪ್ ಅಂತ ಇಡಬಹುದು. ಅದಕ್ಕೂ ಮೊದಲು 150 ತಾಸಿಗೆ ಒಂದು ಸಲ ಡ್ರೈನಿನಿಂದ ಬರುವ ಗ್ರೀಸನ್ನು ಕಾಗದದ ಮೇಲೆ ಸವರಿ ನೋಡಿ. ಬಣ್ಣ ಹಾಕಿದ ಹಾಗೇ ಇದ್ದು, ಬೆರಳಿಗೆ ಕರಕರ ಅನ್ನದಿದ್ದರೆ 300ಕ್ಕೆ ಹೋಗಿ. ಕರಕರ ಅಂದರೆ ದೂಳಿನ ಗುಣಕ 0.4 ಅಲ್ಲ, 0.2 ಹಿಡೀಬೇಕು, ಆಗ 150 ತಾಸೇ ಉಳೀತದೆ, ಬೇಸಿಗೆಗೆ 75.

ಬ್ಲಾಕಿನ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದು ದಿನಕ್ಕೊಮ್ಮೆ ಎರಡು ಸಂಖ್ಯೆ ಬರೆಸಿ: ಬ್ಲಾಕಿನ ಬಿಸಿ, ಮಿಲ್ಲಿನ ಗಾಳಿಯ ಬಿಸಿ. ಎರಡರ ವ್ಯತ್ಯಾಸ ಈಗ 33. ಗ್ರೀಸ್ ಹಾಕದ ದಿನದಲ್ಲಿ ಆ ವ್ಯತ್ಯಾಸ 40 ದಾಟಿತು ಅಂದರೆ ಗನ್ ಎತ್ತಿಕೊಳ್ಳಬೇಡಿ. ಮೊದಲು ಬೆಲ್ಟ್ ಬಿಗಿ, ಆಮೇಲೆ ಇಂಪೆಲರ್ ಬ್ಲೇಡಿಗೆ ಹೊಟ್ಟು ಅಂಟಿ ತೂಕ ತಪ್ಪಿದೆಯಾ, ಆಮೇಲೆ ಫ್ರೀ ಕಡೆಯ ಹೊರ ರಿಂಗ್ ಇನ್ನೂ ಸರಿಯುತ್ತಿದೆಯಾ, ಈ ಮೂರನ್ನು ಈ ಕ್ರಮದಲ್ಲೇ ನೋಡಿ.